ಟಿಕೆಟ್ ಬುಕ್ ಮಾಡೋಕೆ ಮುಂಚೆ ಹೇಳಬೇಕಿದ್ದ ಮಾತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಮೆಟ್ರೊದಲ್ಲಿ ಕಂಬಿ ಹಿಡ್ಕೊಂಡು ನಿಂತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರ್ತಿಲ್ಲ ಅಂತ ಇಯರ್‌ಫೋನ್ ಹಾಕ್ಕೊಂಡೋರಿಗೆ, ಎಲ್ಲರಿಗೂ ಸ್ವಾಗತ.

ಬೇಸಿಗೆ ಬಂತು. ಬೆಂಗಳೂರಲ್ಲಿ ಮನೆ ಮಾಡ್ಕೊಂಡಿರೋ ನಮ್ಮಂಥೋರಿಗೆ ಈ ಟೈಮಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ. 'ಈ ವೀಕೆಂಡ್ ಫ್ರೀ ಇದೀಯಾ? ನಾವು ಬರ್ತಿದೀವಿ.' ಓದಿದ ತಕ್ಷಣ ಎರಡು ಒಟ್ಟಿಗೇ ಆಗುತ್ತೆ. ಮೊದಲು ಖುಷಿ. ಅದರ ಬೆನ್ನಿಗೇ, ಮನೇಲಿ ಚಾಪೆ ಎಷ್ಟಿದೆ, ತಿಂಗಳ ಕೊನೆಗೆ ಎಷ್ಟು ದಿನ ಇದೆ ಅನ್ನೋ ಲೆಕ್ಕ. ಆದರೆ ರಿಪ್ಲೈ ಮಾಡುವಾಗ ನಾವು ಹೇಳೋದು ಮೊದಲನೇದನ್ನ ಮಾತ್ರ. 'ಬನ್ರೋ, ಫುಲ್ ಮಜಾ ಮಾಡೋಣ.'

ಇವತ್ತು ನಾನು ಮಾತಾಡ್ತಿರೋದು ಎರಡನೇದರ ಬಗ್ಗೆ. ಯಾಕಂದ್ರೆ ಅದನ್ನ ಹೇಳದೇ ಬಿಟ್ಟಿದ್ದಕ್ಕೆ ನಾನು ಒಬ್ಬ ಗೆಳೆಯನ ಜೊತೆ ಮೂರು ತಿಂಗಳು ಮಾತು ಕಳ್ಕೊಂಡಿದ್ದೆ. ತಪ್ಪು ಅವನದ್ದಲ್ಲ, ನನ್ನದು.

ಯಾರು ಬಂದರು

ಕಥೆ 2025ರ ಏಪ್ರಿಲ್‌ದು. ನಾನು ಹಾಸನದ ಕಡೆಯವನು, ಆದರೆ ಡಿಗ್ರಿ ಓದಿದ್ದು ಧಾರವಾಡದಲ್ಲಿ. ಅಲ್ಲಿ ನಾವು ನಾಲ್ಕು ಜನ ಯಾವಾಗಲೂ ಒಟ್ಟಿಗೆ. ಹೆಸರು ಹೇಳಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಇಲ್ಲಿ ಅಡ್ಡಹೆಸರಲ್ಲೇ ಕರೀತೀನಿ. ಒಬ್ಬ ಮೇಷ್ಟ್ರು, ಈಗ ಹಳ್ಳಿ ಶಾಲೇಲಿ ಪಾಠ ಮಾಡ್ತಾನೆ. ಇನ್ನೊಬ್ಬ ಸಾಹುಕಾರ. ನಿಜವಾಗಿ ಸಾಹುಕಾರ ಅಲ್ಲ, ಗದಗದಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡ್ಕೊಳ್ತಾನೆ. ಕಾಲೇಜಲ್ಲಿ ಚಹಾ ದುಡ್ಡು ಯಾವಾಗಲೂ ಅವನೇ ಕೊಡ್ತಿದ್ದ, ಅದಕ್ಕೆ ಆ ಹೆಸರು. ಮೂರನೆಯವಳು ಮೇಡಂ. ನಮ್ಮದೇ ಕ್ಲಾಸ್‌ಮೇಟ್, ಬ್ಯಾಂಕಲ್ಲಿ ಕೆಲಸ, ಈಗ ಸಾಹುಕಾರನ ಹೆಂಡತಿ.

ಒಂದು ವಿಷಯ ಮೊದಲೇ ಹೇಳ್ತೀನಿ, ಮುಂದೆ ಬೇಕಾಗುತ್ತೆ. ಧಾರವಾಡದಿಂದ ಹಾಸನ ದೂರ. ಎರಡು ದಿನ ರಜೆ ಬಂದರೆ ನಾನು ಮನೆಗೆ ಹೋಗ್ತಿರಲಿಲ್ಲ, ಗದಗಕ್ಕೆ ಹೋಗ್ತಿದ್ದೆ, ಸಾಹುಕಾರನ ಮನೆಗೆ. ಮೂರು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ಅಷ್ಟೂ ಸಲದಲ್ಲಿ ನನ್ನ ಜೇಬಿಂದ ಒಂದು ಚಹಾದ ದುಡ್ಡೂ ಹೊರಗೆ ಬಂದಿಲ್ಲ. ವಾಪಸ್ ಬರುವಾಗ ಅವರಮ್ಮ ಬಸ್ ಚಾರ್ಜ್‌ಗೆ ಅಂತ ಕೈಗೆ ನೋಟು ತುರುಕೋರು.

ಆ ವೀಕೆಂಡ್ ಹೇಗಿತ್ತು ಅಂದ್ರೆ, ಏಪ್ರಿಲ್ 12 ಎರಡನೇ ಶನಿವಾರ, ಮೇಡಂಗೆ ರಜೆ. 14 ಸೋಮವಾರ ಅಂಬೇಡ್ಕರ್ ಜಯಂತಿ. ಮೇಷ್ಟ್ರಿಗೆ ಬೇಸಿಗೆ ರಜೆ ಆಗಷ್ಟೇ ಶುರು. ಮೂರು ದಿನ ಸಿಕ್ಕಿತು, ಟಿಕೆಟ್ ಬುಕ್ ಆಯ್ತು.

ನನ್ನ ಪರಿಸ್ಥಿತಿ ಏನಿತ್ತು? ಹನುಮಂತನಗರದಲ್ಲಿ ಮೂರನೇ ಮಹಡೀಲಿ ಒನ್ ಬಿಎಚ್‌ಕೆ. ಮೇಲೆ ನೇರ ಟೆರೇಸು, ಅಂದ್ರೆ ಬಿಸಿಲು ಸೀದಾ ತಲೆ ಮೇಲೆ. ಒಂದು ಬಾತ್‌ರೂಮ್. ಎರಡು ತಿಂಗಳಿಂದ ಆಫೀಸಲ್ಲಿ ಸಂಬಳ ಅರ್ಧ ಈಗ, ಅರ್ಧ ಆಮೇಲೆ ಅಂತ ಬರ್ತಿತ್ತು. ಬೈಕ್ ಇಎಂಐ, ಬಾಡಿಗೆ ಹೋದ ಮೇಲೆ ಅಕೌಂಟಲ್ಲಿ ಉಳಿದಿದ್ದು ಒಂಬತ್ತು ಸಾವಿರದ ಚಿಲ್ಲರೆ. ಇದನ್ನ ಯಾರಿಗೂ ಹೇಳಿರಲಿಲ್ಲ. ಊರಲ್ಲಿರೋ ಗೆಳೆಯರಿಗಂತೂ ಹೇಳೋ ಮಾತೇ ಇಲ್ಲ. ಬೆಂಗಳೂರಲ್ಲಿ ಐಟಿ ಕೆಲಸ ಅಂದ ಮೇಲೆ ಒಂದು ಇಮೇಜ್ ಇರುತ್ತಲ್ಲ, ಅದನ್ನ ನಾನೇ ಕಟ್ಟಿದ್ದೆ. ನಾನೇ ಹೇಗೆ ಕೆಡವಲಿ?

ಬದಲಿಗೆ ಏನು ಮಾಡಿದೆ ಅಂದ್ರೆ, ಒಂದು ಲಿಸ್ಟ್ ಮಾಡಿದೆ. ಗಾಂಧಿ ಬಜಾರಲ್ಲಿ ದೋಸೆ, ಲಾಲ್‌ಬಾಗ್, ಮಾಲ್, ರೂಫ್‌ಟಾಪ್‌ನಲ್ಲಿ ಡಿನ್ನರ್, ಭಾನುವಾರ ಬೆಳಗಿನ ಜಾವ 4ಕ್ಕೆ ನಂದಿಬೆಟ್ಟ, ಸೋಮವಾರ ಶಾಪಿಂಗು. ನಂದಿಗೆ ಕ್ಯಾಬ್ ಬುಕ್ ಮಾಡಿ ಸಾವಿರ ರೂಪಾಯಿ ಅಡ್ವಾನ್ಸೂ ಕೊಟ್ಟೆ. ಲಿಸ್ಟ್ ಗ್ರೂಪಿಗೆ ಹಾಕಿದಾಗ ಸಾಹುಕಾರ ಒಂದೇ ಸಾಲು ಬರೆದ: 'ಇಷ್ಟೆಲ್ಲ ಯಾಕಲೇ, ಕುಂತು ಮಾತಾಡೂಣು.' ನಾನು ಅದಕ್ಕೆ ನಗೋ ಎಮೋಜಿ ಹಾಕಿ ಬಿಟ್ಟೆ. ಅದು ಎಮೋಜಿ ಹಾಕಿ ಬಿಡೋ ಮಾತಾಗಿರಲಿಲ್ಲ.

ಮೂರನೇ ಸ್ನಾನ

ಶನಿವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿದರು. ಇಲ್ಲೊಂದು ಸಣ್ಣ ಟಿಪ್. ಬೆಂಗಳೂರಿಗೆ ಬರೋ ರೈಲು ಅಂದ್ರೆ ಎಲ್ಲಾ ಮೆಜೆಸ್ಟಿಕ್ಕಿಗೇ ಬರಲ್ಲ. ಕೆಲವು ಯಶವಂತಪುರಕ್ಕೆ, ಕೆಲವು ಬೈಯಪ್ಪನಹಳ್ಳಿ ಕಡೆ ಇರೋ ಎಸ್‌ಎಂವಿಟಿ ಟರ್ಮಿನಲ್‌ಗೆ. ಬರೋರಿಗೆ ಇದು ಗೊತ್ತಿರಲ್ಲ. ಟಿಕೆಟ್‌ನ ಸ್ಕ್ರೀನ್‌ಶಾಟ್ ತರಿಸ್ಕೊಂಡು ನೀವೇ ನೋಡಿ. ಮೆಜೆಸ್ಟಿಕ್ ಆದರೆ ಹಸಿರು, ನೇರಳೆ ಎರಡೂ ಮೆಟ್ರೊ ಲೈನು ಸಿಗುತ್ತೆ. ಯಶವಂತಪುರ ಆದರೆ ಹಸಿರು ಲೈನು. ಎಸ್‌ಎಂವಿಟಿ ಆದರೆ ಬಸ್ಸು, ಆಟೊ ಯಾವುದು ಅಂತ ಮೊದಲೇ ಯೋಚನೆ ಮಾಡಿಡಿ.

ಮೂವರ ಕೈಲಿ ಐದು ಚೀಲ. ಮನೆಗೆ ಬಂದು ಬಿಚ್ಚಿದರೆ, ಬಟ್ಟೆ ಒಂದೂವರೆ ಚೀಲ ಅಷ್ಟೇ. ಉಳಿದಿದ್ದೆಲ್ಲ ಊಟ. ಕಟಕ್ ರೊಟ್ಟಿ ನಲವತ್ತೋ ಐವತ್ತೋ, ಬಟ್ಟೆಯಲ್ಲಿ ಸುತ್ತಿ, ಮುರಿಬಾರದು ಅಂತ ರೈಲಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಧಾರವಾಡ ಪೇಢಾ, ಒಂದು ಡಬ್ಬಿ ಬೆಣ್ಣೆ. ನಾನು 'ವಾವ್' ಅಂದೆ, ಎತ್ತಿ ಅಡುಗೆಮನೆ ಕಟ್ಟೆ ಮೇಲಿಟ್ಟೆ, 'ಬೇಗ ರೆಡಿ ಆಗಿ, ದೋಸೆ ಕ್ಯೂ ಜಾಸ್ತಿ ಆಗುತ್ತೆ' ಅಂದೆ.

ಮೇಡಂ ಸ್ನಾನ ಆಯ್ತು, ಮೇಷ್ಟ್ರು ಆಯ್ತು. ಸಾಹುಕಾರ ಸೋಪು ಹಚ್ಕೊಂಡ ಮೇಲೆ ನಲ್ಲಿ 'ಪುಸ್' ಅಂತು. ಟ್ಯಾಂಕ್ ಖಾಲಿ.

ಬೆಂಗಳೂರಿನ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ನಮ್ಮ ನಲ್ಲಿಗೆ ಬರಬೇಕು. 2024ರ ಬೇಸಿಗೇಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಬೇಕಾಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳ ಕಡೆಗೆ ನೀರು ಹರೀತು. ಆದರೆ ಒಂದು ಬಿಲ್ಡಿಂಗು, ಒಂದು ಸಂಪು, ಎಂಟು ಮನೆ ಅಂದಾಗ ಲೆಕ್ಕ ಬೇರೇನೇ. ನಮ್ಮ ಬಿಲ್ಡಿಂಗಲ್ಲಿ ಬೇಸಿಗೇಲಿ ಮೋಟರ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ. ಹೇಳಿದರೆ ಮನೆ ಸಣ್ಣದಾಗಿಬಿಡುತ್ತೇನೋ ಅನ್ನೋ ಥರ.

ಕುಡಿಯೋ ನೀರಿನ ಕ್ಯಾನಿಂದ ಅರ್ಧ ಬಕೆಟ್ ಕೊಟ್ಟು ಅವನ ಸ್ನಾನ ಮುಗಿಸಿದ್ದಾಯ್ತು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅವನಿಗೆ ಏನೂ ಅನ್ನಿಸಲೇ ಇಲ್ಲ. ತಲೆ ಒರೆಸ್ಕೊಳ್ತಾ ಬಂದು, 'ಮೊದಲ ಹೇಳಬಾರದೇನಲೇ? ನಮ್ಮೂರಾಗ ನಲ್ಲಿ ದಿನಾ ಬರ್ತೈತೇನು?' ಅಂದ. ಆವತ್ತು ಸಂಜೆ ಮೋಟರ್ ಹಾಕಿದ ಟೈಮಿಗೆ ಸರಿಯಾಗಿ ಮನೇಲಿರೋ ಬಕೆಟ್ಟು, ಕುಕ್ಕರ್ರು, ಪಾತ್ರೆ ಎಲ್ಲಾ ಅವನೇ ತುಂಬಿಸಿಟ್ಟ. ನೀರನ್ನ ಹೇಗೆ ಬಳಸಬೇಕು ಅನ್ನೋದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ನಾನು ಮುಚ್ಚಿಟ್ಟಿದ್ದು ಅವನಿಗೆ ಹೊಸ ವಿಷಯವೇ ಆಗಿರಲಿಲ್ಲ.

ಇದು ಮೊದಲನೇ ಮಾತು. ಟಿಕೆಟ್ ಬುಕ್ ಆಗೋ ಮುಂಚೆ ಮನೆ ಹೇಗಿದೆ ಅಂತ ಹೇಳಿ. ಮಲಗೋಕೆ ಎಷ್ಟು ಜಾಗ, ಬಾತ್‌ರೂಮ್ ಎಷ್ಟು, ನೀರು ಯಾವಾಗ ಬರುತ್ತೆ, ಎಸಿ ಇಲ್ಲ, ಫ್ಯಾನ್ ಒಂದು. ಓನರ್‌ಗೂ ಹೇಳಿ. 'ಶನಿವಾರದಿಂದ ಸೋಮವಾರ, ಮೂರು ಜನ, ಇಂಥವರು' ಅಂತ ಒಂದು ಮಾತು. ಮೆಟ್ಟಿಲ ಮೇಲೆ ಸಿಕ್ಕಾಗ ನಿಮ್ಮ ಗೆಸ್ಟ್‌ಗಳನ್ನ 'ಯಾರು ನೀವು' ಅಂತ ಕೇಳೋ ಹಾಗೆ ಆಗಬಾರದು.

ಲಿಸ್ಟಿನ ಹಿಂದೆ ಓಡಿದ್ದು

ದೋಸೆ ಚೆನ್ನಾಗಿತ್ತು. 1943ರಿಂದ ನಡೀತಿರೋ ವಿದ್ಯಾರ್ಥಿ ಭವನ, ಚೆನ್ನಾಗಿರದೆ ಹೇಗೆ. ಆದರೆ ಕ್ಯೂ, ಆಮೇಲೆ ಆಟೊ, ಲಾಲ್‌ಬಾಗಿಗೆ ಹೋಗುವಷ್ಟರಲ್ಲಿ ಹನ್ನೊಂದೂವರೆ.

ಏಪ್ರಿಲ್ ಬಿಸಿಲಲ್ಲಿ ಹನ್ನೊಂದೂವರೆಗೆ ಲಾಲ್‌ಬಾಗಿಗೆ ಯಾರೂ ಹೋಗಬೇಡಿ. ಬೆಂಗಳೂರು ಕೂಲ್ ಸಿಟಿ ಅನ್ನೋದು ಊರಿಂದ ಬರೋರ ನಂಬಿಕೆ, ನಮ್ಮದೂ ಕೂಡ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ ಅನ್ನೋದು ನಿಜ. ಆದರೆ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿದೆ ಅನ್ನೋದೂ ನಿಜ. ಬೇಸಿಗೇಲಿ ಇಲ್ಲಿ ದಿನಕ್ಕೆ ಎರಡು ತುಂಡು. ಬೆಳಿಗ್ಗೆ ಹತ್ತರವರೆಗೆ ಒಂದು, ಸಂಜೆ ಐದರ ಮೇಲೆ ಇನ್ನೊಂದು. ನಡುವೆ ಮನೆ, ಮಜ್ಜಿಗೆ, ನಿದ್ದೆ. ಇಲ್ಲಾಂದ್ರೆ ಮ್ಯೂಸಿಯಂ. ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಲ್ಲಿ ಅರ್ಧ ದಿನ ಹೋಗಿದ್ದೇ ಗೊತ್ತಾಗಲ್ಲ.

ಲಾಲ್‌ಬಾಗಲ್ಲಿ ಮೇಷ್ಟ್ರು ಮಾತ್ರ ಖುಷಿಯಾಗಿದ್ದ. 240 ಎಕರೆ ತೋಟ, 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು, ಇದೆಲ್ಲ ಅವನು ಪಾಠದಲ್ಲಿ ಹೇಳಿದಾನೆ. ಅವನಿಗೆ ಬೇಕಿದ್ದಿದ್ದು ಆ ಬಂಡೆ. ಕೆಂಪೇಗೌಡ ಗೋಪುರ ಇದೆಯಲ್ಲ, ಅದರ ಕೆಳಗಿನ ಕಲ್ಲು. ಸುಮಾರು 300 ಕೋಟಿ ವರ್ಷ ಹಳೇದು. ಅದರ ಮೇಲೆ ಕೂತು, 'ನಮ್ಮ ಹುಡುಗರಿಗೆ ತೋರಸ್ತೀನಿ' ಅಂತ ಬೋರ್ಡ್‌ನ ನಾಲ್ಕು ಫೋಟೊ ತೆಗೆದ. ಕಲ್ಲು ಕಾದಿತ್ತು, ಆದರೂ ಎದ್ದೇಳಲಿಲ್ಲ. ನಾನು ವಾಚ್ ನೋಡ್ತಾ ನಿಂತಿದ್ದೆ. ಮಾಲ್‌ಗೆ ಲೇಟಾಗ್ತಿತ್ತು.

ಮಾಲ್ ಬಗ್ಗೆ ಹೇಳೋದೇನಿಲ್ಲ. ಎಸಿ ಇತ್ತು. ನಾಲ್ಕು ಜನ ಎಸ್ಕಲೇಟರ್ ಹತ್ತಿ ಇಳಿದ್ವಿ. ರಾತ್ರಿ ರೂಫ್‌ಟಾಪ್ ಡಿನ್ನರ್. ಮೆನು ನೋಡಿ ಮೇಡಂ ಸಾಹುಕಾರನ ಕಡೆ ನೋಡಿದಳು, ಅವನು ಮೆನು ಮುಚ್ಚಿ 'ನೀನ ಹೇಳಪಾ' ಅಂದ. ನಾನು ದೊಡ್ಡದಾಗಿ ಆರ್ಡರ್ ಮಾಡಿದೆ. ಬಿಲ್ 4,860. ಸಾಹುಕಾರ ಪರ್ಸ್ ತೆಗೆದ. ನಾನು 'ಏ, ಬಿಡೋ, ನನ್ನ ಊರು ಇದು' ಅಂತ ಅವನ ಕೈ ತಳ್ಳಿ ಸ್ಕ್ಯಾನ್ ಮಾಡಿದೆ. ಈ ಮಾತನ್ನ ನೆನಪಿಟ್ಕೊಳ್ಳಿ. 'ನನ್ನ ಊರು ಇದು, ಬಿಡು' ಅಂತ ನಾನೇ ಹೇಳಿದ್ದೆ.

ಲಿಸ್ಟಲ್ಲಿ ಇಲ್ಲದ ರಾತ್ರಿ

ಊಟ ಮುಗಿಸಿ ಹೊರಗೆ ಬಂದಾಗ ಮೇಲೆ ಪೂರ್ತಿ ಚಂದ್ರ. ಮೇಡಂ, 'ಇವತ್ತ ಹುಣ್ಣಿಮಿ ಅಲ್ಲಾ?' ಅಂದಳು. ಮೇಷ್ಟ್ರು ಫೋನ್ ನೋಡಿದ. 'ಚೈತ್ರ ಹುಣ್ಣಿಮಿ. ಲೇ, ಇವತ್ತ ರಾತ್ರಿ ನಿಮ್ಮೂರ ಕರಗ!'

ಬೆಂಗಳೂರಲ್ಲಿ ಆರು ವರ್ಷ ಇದ್ದೂ ನಾನು ಕರಗ ನೋಡಿರಲಿಲ್ಲ. ಟ್ರಾಫಿಕ್ ಡೈವರ್ಷನ್ ಸುದ್ದಿ ಓದಿ ಆ ಕಡೆ ಹೋಗದೇ ಇರೋದು, ಅಷ್ಟೇ ನನಗೆ ಗೊತ್ತಿದ್ದ ಕರಗ. 'ಬೆಳಿಗ್ಗೆ 4ಕ್ಕೆ ನಂದಿಗೆ ಕ್ಯಾಬ್ ಬರುತ್ತೆ, ಮಲಗಬೇಕು' ಅಂದೆ. ಸಾಹುಕಾರ ಅಂದ, 'ಬೆಟ್ಟ ಎಲ್ಲಿಗೂ ಹೋಗಾಂಗಿಲ್ಲ. ನಡಿ.'

ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ತಿಗಳರಪೇಟೆ ಕಡೆ ನಡೆದ್ವಿ. ನೋಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಹಳೇ ಪೇಟೆ ಇದು. ಅಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನ. ತಿಗಳ ಸಮುದಾಯದವರು ನಡೆಸೋ ದ್ರೌಪದಿಯ ಉತ್ಸವ. ನಡುರಾತ್ರಿ ಆದ ಮೇಲೆ ಕರಗ ಹೊರಗೆ ಬರುತ್ತೆ. ಹೊರೋರು ಹೆಣ್ಣಿನ ಅಲಂಕಾರದಲ್ಲಿ, ಬಳೆ ತೊಟ್ಟು. ತಲೆ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ, ಎತ್ತರಕ್ಕೆ, ಕೈಯಲ್ಲಿ ಹಿಡಿಯೋ ಹಾಗಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. ರಾತ್ರಿಯೆಲ್ಲ ಪೇಟೆ ಬೀದಿಗಳಲ್ಲಿ ಸುತ್ತಿ, ದಾರೀಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗೋ ಹೊತ್ತಿಗೆ ವಾಪಸ್ ದೇವಸ್ಥಾನಕ್ಕೆ.

ಜನ ಅಂದ್ರೆ ಜನ. ಕಟ್ಟಡದ ಮೇಲೆ, ಅಂಗಡಿ ಶೀಟಿನ ಮೇಲೆ, ಎಲ್ಲಾ ಕಡೆ. ಗಲ್ಲಿಯಲ್ಲಿ ಯಾರೋ ಪಾನಕ ಕೊಟ್ಟರು, ಇನ್ಯಾರೋ ಕೋಸಂಬರಿ. ದುಡ್ಡು ಕೇಳೋರಿಲ್ಲ. ಕರಗ ಹತ್ತಿರ ಬಂದಾಗ 'ಗೋವಿಂದಾ' ಅನ್ನೋ ಕೂಗು, ಮೇಲಿಂದ ಮಲ್ಲಿಗೆ ಬಿತ್ತು. ಒಂದು ಕ್ಷಣ, ಮಲ್ಲಿಗೆಯ ಬಿಳಿ ಗೋಪುರ ಜನರ ತಲೆ ಮೇಲೆ ತೇಲಿ ಹೋದ ಹಾಗೆ. ಮೇಡಂ ಅತ್ತುಬಿಟ್ಟಳು. ಯಾಕೆ ಅಂತ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

4 ಗಂಟೆಗೆ ಕ್ಯಾಬ್ ಡ್ರೈವರ್ ಫೋನ್ ಮಾಡಿದ. ಗದ್ದಲದಲ್ಲಿ ನನಗೆ ಕೇಳಿಸಲೇ ಇಲ್ಲ. ಅಡ್ವಾನ್ಸ್ ಹೋಯ್ತು.

ಭಾನುವಾರ ಮೆಟ್ರೊ ಶುರುವಾಗೋದು ಬೆಳಿಗ್ಗೆ 7ಕ್ಕೆ. ಅಲ್ಲಿವರೆಗೆ ಕಾಯೋದು ಬೇಡ ಅಂತ ಚಾಮರಾಜಪೇಟೆ ಮೇಲೆ ನಡೆದೇ ಹೊರಟ್ವಿ. ಐದೂವರೆ ಇರಬೇಕು. ತಣ್ಣಗಿತ್ತು. ಮೇಷ್ಟ್ರು, ಮೇಡಂ ಮುಂದೆ, ನಾನು ಸಾಹುಕಾರ ಹಿಂದೆ. ಅವನು ಇದ್ದಕ್ಕಿದ್ದ ಹಾಗೆ ಅಂಗಡಿ ವಿಷಯ ಶುರು ಮಾಡಿದ. ಜನ ಬಂದು ಸಾಮಾನು ನೋಡಿ, ಫೋಟೊ ತಗೊಂಡು, ಆನ್‌ಲೈನ್‌ನಲ್ಲಿ ತರಿಸ್ತಾರೆ. ಉದ್ರಿ ವಸೂಲಾಗ್ತಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮನೇಲಿ ಮೇಡಂ ಸಂಬಳದ ಮೇಲೆ ನಡೀತಿದೆ. 'ಅದಕ್ಕ ಬಂದೆ ನೋಡು, ಎರಡ ದಿನ ಆ ಶಟರ್ ಮಾರಿ ನೋಡಬಾರದು ಅಂತ' ಅಂದ. ಆಮೇಲೆ ಕೇಳಿದ, 'ನಿಂದ ಹ್ಯಾಂಗ ನಡದೈತಿ?'

ನಾನು ಹೇಳಿದೆ, 'ಎಲ್ಲಾ ಸೂಪರ್. ಆರಾಮಾಗಿದೀನಿ.'

ಈಗಲೂ ಆ ರಸ್ತೆಯಲ್ಲಿ ಹೋದರೆ ಆ ಮಾತು ನೆನಪಾಗುತ್ತೆ. ಅವನು ತನ್ನ ಕಷ್ಟ ನನ್ನ ಕೈಗೆ ಕೊಟ್ಟ. ನನ್ನದನ್ನ ಕೊಡೋಕೆ ಅದಕ್ಕಿಂತ ಒಳ್ಳೇ ಹೊತ್ತು ಇರಲಿಲ್ಲ. ನಾನು ಕೊಡಲಿಲ್ಲ.

ನಾಲ್ಕರಿಂದ ಭಾಗಿಸಿದಾಗ

ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ. ನಾವು ಎದ್ದಾಗ ಕೆಳಗೆ ಟ್ಯಾಂಕರ್ ಬಂದಿತ್ತು. ಓನರ್ ಮೆಟ್ಟಿಲ ಹತ್ತಿರ ಪಾಲು ಕೇಳಿದರು, ನಾನು ಕೊಟ್ಟೆ. ಸಾಹುಕಾರ ಬಾಗಿಲಲ್ಲಿ ನಿಂತಿದ್ದ. ನೋಡಿದ ಅಂತ ನನಗೆ ಗೊತ್ತಿರಲಿಲ್ಲ.

ಸೋಮವಾರ ಚಿಕ್ಕಪೇಟೆ, ಅವೆನ್ಯೂ ರಸ್ತೆ. ಬಿಎಂಟಿಸಿ ಬಸ್ಸಲ್ಲಿ ಮೇಡಂಗೆ ಶಕ್ತಿ ಯೋಜನೆ ಟಿಕೆಟ್ಟು, ನಮಗೆ ದುಡ್ಡಿನ ಟಿಕೆಟ್ಟು. ಅದನ್ನ ಹಿಡಿದು ದಾರಿಯುದ್ದಕ್ಕೂ ನಮ್ಮನ್ನ ಆಡ್ಕೊಂಡಳು. ಅವತ್ತು ಮಧ್ಯಾಹ್ನ ಹೋಟೆಲ್ ಊಟ, 1,720. ರಾತ್ರಿ ರೈಲಿಗೆ ಹತ್ತಿಸಿ ವಾಪಸ್ ಬಂದೆ.

ಮನೆಗೆ ಬಂದು ಫೋನ್ ತೆಗೆದು ಬ್ಯಾಲೆನ್ಸ್ ನೋಡಿದೆ. ತಿಂಗಳು ಮುಗಿಯೋಕೆ ಹದಿನಾರು ದಿನ ಬಾಕಿ, ಸಾವಿರದ ಲೆಕ್ಕದಲ್ಲಿ ಏನೂ ಉಳಿದಿರಲಿಲ್ಲ. ಹೆದರಿಕೆ ಆಯ್ತು. ಹೆದರಿಕೆಯಲ್ಲಿ ನಾನು ಆಫೀಸ್ ಟ್ರಿಪ್‌ಗಳಲ್ಲಿ ಮಾಡೋದನ್ನೇ ಮಾಡಿದೆ. ಖರ್ಚು ಹಂಚೋ ಆ್ಯಪ್ ತೆಗೆದೆ. ಡಿನ್ನರ್ 4,860. ಆಟೊ ಎಲ್ಲಾ ಸೇರಿ 940. ಸೋಮವಾರದ ಊಟ 1,720. ನಂದಿ ಕ್ಯಾಬ್ ಅಡ್ವಾನ್ಸ್ 1,000. ಒಟ್ಟು 8,520. ತಲೆಗೆ 2,130. ಗ್ರೂಪಿಗೆ ಹಾಕಿದೆ, ಕೆಳಗೆ ಒಂದು ಸ್ಮೈಲಿ.

ಅವರು ಇನ್ನೂ ರೈಲಲ್ಲಿದ್ದರು.

ಎರಡು ನಿಮಿಷದಲ್ಲಿ ಸಾಹುಕಾರನಿಂದ ದುಡ್ಡು ಬಂತು. ಅವರಿಬ್ಬರದ್ದು 4,260 ಆಗಬೇಕಿತ್ತು. ಬಂದಿದ್ದು 5,000. ಮೆಸೇಜ್ ಏನೂ ಇಲ್ಲ. ಮೇಷ್ಟ್ರು ಬೆಳಿಗ್ಗೆ ಕಳಿಸಿದ, ಸರಿಯಾಗಿ 2,130. ಆಮೇಲೆ ಆ ಗ್ರೂಪಲ್ಲಿ ಯಾರೂ ಏನೂ ಬರೀಲಿಲ್ಲ. ಕರಗದ ಫೋಟೊ ಸಹ ಯಾರೂ ಹಾಕಲಿಲ್ಲ. ನಾನು ಹಾಕಿದ ಎರಡು ಮೀಮ್‌ಗೆ ನೀಲಿ ಟಿಕ್ ಬಂತು, ಅಷ್ಟೇ.

ಮೊದಲು ನನಗೆ ಕೋಪ ಬಂತು, ನಿಜ ಹೇಳ್ತೀನಿ. ಖರ್ಚು ಹಂಚ್ಕೊಳ್ಳೋದ್ರಲ್ಲಿ ತಪ್ಪೇನು? ಎಲ್ಲರೂ ಮಾಡ್ತಾರೆ. ಈಗಲೂ ಹೇಳ್ತೀನಿ, ಹಂಚ್ಕೊಳ್ಳೋದು ತಪ್ಪಲ್ಲ. ಆದರೆ ಅದನ್ನ ಮೊದಲು ಹೇಳಬೇಕು. ಬಿಲ್ ಬಂದಾಗ ಅವನ ಕೈ ತಳ್ಳಿ 'ನನ್ನ ಊರು' ಅಂದು, ಅವನು ಊರು ಮುಟ್ಟೋ ಮುಂಚೆ ಲೆಕ್ಕ ಕಳಿಸಿದರೆ ಅದಕ್ಕೆ ಹಂಚ್ಕೊಳ್ಳೋದು ಅನ್ನಲ್ಲ. ಅದೂ ಅವರು ಹೋಗೋದೇ ಬೇಡ ಅಂದ ನಂದಿಬೆಟ್ಟದ ಅಡ್ವಾನ್ಸ್ ಸೇರಿಸಿ.

ಜೂನ್‌ನಲ್ಲಿ ಮೇಡಂಗೆ ಫೋನ್ ಮಾಡಿದೆ. 'ಅವನಿಗೆ ಬೇಜಾರಾಗಿದೆಯಾ?' ಅಂದೆ. ಅವಳು ಸುಮ್ಮನಿದ್ದು, ಆಮೇಲೆ ಹೇಳಿದಳು: 'ರೊಕ್ಕದ್ದಲ್ಲ. ಆ ಲಿಸ್ಟಿನ್ಯಾಗ ನಮ್ಮ ರೊಟ್ಟಿ ಇದ್ದಿಲ್ಲ.'

ನನಗೆ ಉತ್ತರ ಬರಲಿಲ್ಲ. ಅತ್ತೆ, ಸೊಸೆ ಸೇರಿ ಎರಡು ದಿನ ಬಡಿದ ರೊಟ್ಟಿ. ಅವರು ಹೋದ ಮೇಲೆ ಆ ತಿಂಗಳ ಉಳಿದ ಹದಿನಾರು ದಿನ ನಾನು ತಿಂದಿದ್ದೇ ಅದನ್ನ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಲೆಕ್ಕ ಹಾಕಿದ್ದರೆ ನಾನೇ ಅವರಿಗೆ ಕೊಡಬೇಕಿತ್ತು.

ಪಂಚಮಿಗೆ ಹೋಗಿದ್ದು

ಜುಲೈ ಕೊನೆಗೆ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಅದು ದೊಡ್ಡ ಹಬ್ಬ. ಕರೀದೇನೇ ಹೋದೆ. ಬಾಗಿಲಲ್ಲಿ ಅವರಮ್ಮ ನೋಡಿ, ಏನೂ ಆಗಿಲ್ಲ ಅನ್ನೋ ಹಾಗೆ ಕೈಗೆ ಶೇಂಗಾ ಉಂಡಿ ಕೊಟ್ಟು 'ಇಷ್ಟ ಸೊರಗೀಯಲ್ಲೋ' ಅಂದರು. ಸಾಹುಕಾರ ಅಂಗಡಿಯಲ್ಲಿದ್ದ. ಹೋಗಿ ಗಲ್ಲಾದ ಪಕ್ಕದ ಸ್ಟೂಲಲ್ಲಿ ಕೂತೆ. ಕ್ಷಮೆ ಕೇಳೋಕೆ ಅಂತ ರೈಲಲ್ಲಿ ಯೋಚಿಸಿದ್ದ ಮಾತು ಒಂದೂ ಬರಲಿಲ್ಲ. ಫೋನ್ ತೆಗೆದು ಏಪ್ರಿಲ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದೆ. ಅರ್ಧ ಸಂಬಳ, ಇಎಂಐ, ಬಾಡಿಗೆ, ಎಲ್ಲಾ.

ಅವನು ಬೆರಳಲ್ಲಿ ಮೇಲೆ ಕೆಳಗೆ ಸರಿಸಿ ನೋಡಿದ. ವ್ಯಾಪಾರಸ್ಥ, ಅಂಕಿ ಬೇಗ ಓದ್ತಾನೆ. 'ಹುಚ್ಚಪ್ಯಾಲಿ, ಇಷ್ಟ ಆಗಿದ್ರ ಮಾಲ್‌ಗೆ ಯಾಕ ಕರಕೊಂಡ ಹೋದಿ?' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ನಾ ಹೇಳಿದ್ನೆಲ್ಲ ಆವತ್ತು. ನೀ ಯಾಕ ಹೇಳಲಿಲ್ಲ?'

ಅವನಿಗೆ ನೋವಾಗಿದ್ದು ಅಲ್ಲಿ. ರೊಕ್ಕದಲ್ಲಿ ಅಲ್ಲ, ರೊಟ್ಟಿಯಲ್ಲೂ ಪೂರ್ತಿ ಅಲ್ಲ. ಅವನು ಹೇಳಿದ, ನಾನು ಹೇಳಲಿಲ್ಲ.

'ಜಾಸ್ತಿ ಕಳಿಸಿದ್ದ 740 ಏನು?' ಅಂತ ಕೇಳಿದೆ. 'ನೀರಿಂದು. ಟ್ಯಾಂಕರ್ ತರಿಸಿದ್ದಿಲ್ಲೇನು' ಅಂದ. ತಮಾಷೆಯೋ, ನಿಜವೋ, ಚುಚ್ಚಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹಾಗಾದರೆ ಏನು ಹೇಳಬೇಕು

ಮೊದಲನೇ ಮಾತು ಮನೆ ಬಗ್ಗೆ ಅಂತ ಆಗಲೇ ಹೇಳಿದೆ. ಎರಡನೇದು ದುಡ್ಡು. ನಾಚಿಕೆ ಬೇಡ. 'ಈ ತಿಂಗಳು ನನ್ನ ಹತ್ತಿರ ಇಷ್ಟೇ ಇದೆ. ಮನೇಲಿ ಅಡುಗೆ, ತಿಂಡಿ ನನ್ನದು, ಹೊರಗಿನ ಊಟ, ಕ್ಯಾಬು ಹಂಚ್ಕೊಳ್ಳೋಣ' ಅಂತ ಬರೋ ಮುಂಚೆ ಫೋನಲ್ಲಿ ಹೇಳಿ. ಬರೆದು ಕಳಿಸಬೇಡಿ, ಬಾಯಲ್ಲಿ ಹೇಳಿ. ನಿಮ್ಮ ಹತ್ತಿರ ದುಡ್ಡಿದ್ದು 'ಎಲ್ಲಾ ನನ್ನದು' ಅಂತ ಹೇಳಿದರೆ, ಆಮೇಲೆ ಆ್ಯಪ್ ತೆಗೀಬೇಡಿ. ಊರಿಂದ ಬರೋರು ಚೀಲದಲ್ಲಿ ಏನು ತರ್ತಾರೋ, ಅದೂ ಅವರ ಪಾಲೇ. ಅದನ್ನ ಕಟ್ಟೆ ಮೇಲಿಟ್ಟು ಮರೀಬೇಡಿ, ಮೊದಲನೇ ಊಟಕ್ಕೇ ಬಿಚ್ಚಿ.

ಮೂರನೇದು ಟೈಮು. ದಿನಕ್ಕೆ ಒಂದು ಜಾಗ ಸಾಕು. ಬೇಸಿಗೇಲಂತೂ ಒಂದೇ ಸಾಕು. ಲಾಲ್‌ಬಾಗೋ, ಕಬ್ಬನ್ ಪಾರ್ಕೋ, ಬೆಳಿಗ್ಗೆ ಏಳಕ್ಕೆ. ಕಬ್ಬನ್ ಪಾರ್ಕ್ ಒಳಗೆ ಭಾನುವಾರ ಗಾಡಿ ಬಿಡಲ್ಲ, ರಸ್ತೆ ಮಧ್ಯದಲ್ಲೇ ಮಾತಾಡ್ತಾ ನಡೀಬಹುದು. ಬಿಎಂಟಿಸಿ ಡೇ ಪಾಸ್ ತಗೊಂಡರೆ ದಿನವಿಡೀ ಸುತ್ತಬಹುದು. 2025ರ ಫೆಬ್ರುವರಿಯಲ್ಲಿ ದರ ಏರಿ ಮೆಟ್ರೊ ಗರಿಷ್ಠ ಟಿಕೆಟ್ 90 ರೂಪಾಯಿ ಆಯ್ತು, ನಾಲ್ಕು ಜನ ಅಂದಾಗ ಲೆಕ್ಕ ಹಾಕಿ. ಉಳಿದ ಹೊತ್ತು ನಿಮ್ಮ ದಿನ ಹೇಗಿರುತ್ತೋ ಅದನ್ನೇ ತೋರಿಸಿ. ನೀವು ತರಕಾರಿ ತರೋ ಅಂಗಡಿ, ನೀವು ಕಾಫಿ ಕುಡಿಯೋ ಜಾಗ, ಸಂಜೆ ಟೆರೇಸು. ಅವರು ನೋಡೋಕೆ ಬಂದಿರೋದು ನಿಮ್ಮನ್ನ. ಬೆಂಗಳೂರನ್ನ ಅವರು ಫೋನಲ್ಲೇ ನೋಡಿದ್ದಾರೆ.

ಈ ಬೇಸಿಗೆಗೂ ಮೂವರು ಬರ್ತಿದ್ದಾರೆ. ನನ್ನ ಸಂಬಳ ಈಗ ಸರಿಯಾಗಿ ಬರ್ತಿದೆ, ಬೇರೆ ಕಂಪನಿ. ಅವನ ಅಂಗಡಿ ಇನ್ನೂ ಕಷ್ಟದಲ್ಲೇ ಇದೆ, ಆದರೆ ಅಪ್ಪನಿಗೆ ಹೇಳಿದಾನೆ. ಗ್ರೂಪಿಗೆ ಈ ಸಲ ಲಿಸ್ಟ್ ಹಾಕಿಲ್ಲ. 'ಮೋಟರ್ ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ. ಚಾಪೆ ಮೂರಿದೆ, ಒಂದು ಕಡಿಮೆ. ಊಟ ಮನೇಲೇ' ಅಂತ ಹಾಕಿದೆ. ಮೇಷ್ಟ್ರು ಲಾಲ್‌ಬಾಗ್ ಬಂಡೆ ಮೇಲೆ ಪೂರ್ತಿ ಬೆಳಿಗ್ಗೆ ಬೇಕು ಅಂದಿದಾನೆ. ಸಾಹುಕಾರ ಬರೆದಿರೋದು ಒಂದೇ ಸಾಲು: 'ಚಾಪಿ ನಾವ ತರ್ತೀವಿ.'

ನಿಮ್ಮ ಮನೆಗೂ ಈ ಬೇಸಿಗೇಲಿ ಯಾರಾದರೂ ಬರ್ತಿದ್ದರೆ, ಈ ಸಂಚಿಕೆ ಮುಗಿದ ತಕ್ಷಣ ಅವರಿಗೆ ಒಂದು ಫೋನ್ ಮಾಡಿ. ಬನ್ನಿ ಅನ್ನೋದರ ಜೊತೆ ಇನ್ನೆರಡು ಮಾತು ನಿಜ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.